ರಾಯನ ಆಸ್ಥಾನದಲ್ಲಿ ಪಿಟೀಲು

ಪೂರ್ವಕಾಲದ ವೈಭವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಐತಿಹಾಸಿಕ ನಾಟಕಗಳೂ ಉತ್ಸವದ ಮೆರವಣಿಗೆಗಳೂ ನಮ್ಮ ನಾಡಿನಲ್ಲಿ ನಡೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಕಿರೀಟ, ಕತ್ತಿ, ಉಡುಗೆತೊಡುಗೆಗಳ ವಿಷಯದಲ್ಲಿ ಬಲ್ಲವರನ್ನು ಕೇಳಿ ತಿದ್ದಿಕೊಳ್ಳುವವರೂ ಉಂಟು. ವಾದ್ಯಗಳ ಮಾತು ಬಂದಾಗ ಮಾತ್ರ ಈ ಎಚ್ಚರವು ಕಾಣುವುದಿಲ್ಲ. ಕೃಷ್ಣದೇವರಾಯನ ಆಸ್ಥಾನವು ನೆರೆದಿರುತ್ತದೆ; ನರ್ತಕಿಯು ಹೆಜ್ಜೆ ಹಾಕುತ್ತಿರುತ್ತಾಳೆ; ಪಕ್ಕದಲ್ಲಿಯೇ ಪಿಟೀಲೂ ಹಾರ್ಮೋನಿಯಮೂ ನುಡಿಯುತ್ತಿರುತ್ತವೆ!

ರಾಯನು ಆಳಿದುದು 1509ರಿಂದ 1529ರ ವರೆಗೆ. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಹೆಸರಾದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ಅವರ ಜನನವೇ 1786ರಲ್ಲಿ. ಪ್ಯಾರಿಸ್ ನಗರದ ದೆಬೆಯ್ನ್ ಎಂಬವನು ಹಾರ್ಮೋನಿಯಮ್ಮಿನ ಏಕಸ್ವಾಮ್ಯವನ್ನು ಪಡೆದುದು 1842ರಲ್ಲಿ. ರಾಯನಿಗೂ ಈ ಪೆಟ್ಟಿಗೆಗೂ ಮುನ್ನೂರು ವರ್ಷಗಳಿಗಿಂತ ಹೆಚ್ಚಿನ ಅಂತರ!

ವೀಣೆಯಾದರೆ ದೋಷವಿಲ್ಲವಷ್ಟೆ ಎಂದು ವಾಚಕರು ಕೇಳಬಹುದು. ಅಲ್ಲಿಯೂ ವಿಚಾರಿಸತಕ್ಕದ್ದುಂಟು. ಇಂದಿನ 24 ಮೆಟ್ಟಿಲುಗಳ ವೀಣೆಗೆ ಈ ರೂಪವು ಬಂದುದು 17ನೆಯ ಶತಮಾನದ ಆದಿಯಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎಂಬುದು ಪರಂಪರೆಯ ಮಾತು.

ಹಾಗಾದರೆ ಅಂದು ಯಾವ ವಾದ್ಯಗಳಿದ್ದವು? ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಆನೆ ಕುದುರೆಗಳ ಸಾಲಿನೊಡನೆ ನರ್ತಕಿಯರೂ ವಾದ್ಯಗಾರರೂ ನಡೆದಿದ್ದಾರೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಕುಣಿತವುಂಟು, ಬಾಜನೆಯುಂಟು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮಹಾನವಮಿಯ ಸಂಭ್ರಮವನ್ನು ಬಣ್ಣಿಸುವಾಗ ತುತ್ತೂರಿ ಭೇರಿಗಳ ಧ್ವನಿಯನ್ನು ಮರೆತಿಲ್ಲ. 1550ರಲ್ಲಿ ರಾಮಾಮಾತ್ಯನು ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಗೆ ತಂತಿಗಳನ್ನು ಶ್ರುತಿಗೂಡಿಸುವ ಕ್ರಮವೂ ಮೆಟ್ಟಿಲುಗಳನ್ನು ಕೂಡಿಸುವ ಕ್ರಮವೂ ಇವೆ. ಶಿಲ್ಪದಿಂದ ವಾದ್ಯದ ಆಕಾರವು ತಿಳಿಯುತ್ತದೆ, ನಾದವು ತಿಳಿಯದು; ಗ್ರಂಥದಿಂದ ಸ್ವರವು ತಿಳಿಯುತ್ತದೆ. ಎರಡನ್ನೂ ಕೂಡಿಸಿ ನೋಡುವುದೇ ಸರಿಯಾದ ಮಾರ್ಗ.

ಇಷ್ಟು ಸೂಕ್ಷ್ಮವು ಏತಕ್ಕೆ, ನೋಟವು ರಂಜಿಸಿದರೆ ಸಾಲದೆ ಎನ್ನುವವರಿಗೆ ಒಂದು ಮಾತು. 12ನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬಾತನಿದ್ದನು. ಕೋಲಿಗೆ ಸೋರೆಬುರುಡೆಗಳನ್ನು ಕಟ್ಟಿದ ಕಿನ್ನರಿಯೆಂಬ ತಂತಿವಾದ್ಯವೇ ಆತನ ಹೆಸರಿಗೆ ಸೇರಿದೆ. ಕಿನ್ನರಿ ಜೋಗಿಗಳಿಗೂ ಹೆಸರು ಬಂದುದು ಅದರಿಂದಲೇ. ರಂಗದ ಮೇಲೆ ಬೊಮ್ಮಯ್ಯನ ಕೈಗೆ ಇಂದಿನ ತಂಬೂರಿಯನ್ನು ಕೊಟ್ಟರೆ, ನೋಡುವ ಮಗುವು ಅದನ್ನೇ ಕಿನ್ನರಿಯೆಂದು ನಂಬುವುದು. ಕೇಳುವವರಿಲ್ಲದ ವಾದ್ಯವನ್ನು ಮಾಡುವವನು ತನ್ನ ಮಗನಿಗೆ ಆ ಕೆಲಸವನ್ನು ಏಕೆ ಕಲಿಸಿಯಾನು? ಹೀಗೆ ನಮ್ಮ ಅಲಕ್ಷ್ಯದಿಂದಲೇ ಒಂದು ನಾದವು ನಾಡಿನಿಂದ ಮರೆಯಾಗುತ್ತದೆ.

ಅಪರೂಪದ ವಾದ್ಯಗಳು ಎಲ್ಲರಿಗೂ ದೊರೆಯವೆಂಬುದನ್ನು ನಾವು ಬಲ್ಲೆವು. ಆದರೆ ಹಳೆಯ ಶಿಲ್ಪಗಳಲ್ಲಿ ಕಾಣುವ ಕೊಳಲು, ತಾಳ, ಮದ್ದಳೆಗಳು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಒಂದು ಆಸ್ಥಾನನೃತ್ಯಕ್ಕೆ ಅಷ್ಟೇ ಸಾಕು. ಪಿಟೀಲು ಬೇಕೇಬೇಕೆಂದಾದರೆ ಅದು ತೆರೆಯ ಮರೆಯಲ್ಲಿರಲಿ. ಅದು ಈ ಕಾಲದ್ದೆಂದು ಮೊದಲೇ ಸಭೆಗೆ ತಿಳಿಸಲಿ.

ಮುಂದೆ ಮಕ್ಕಳೊಡನೆ ಹಂಪೆಗೆ ಹೋದಾಗ, ಹಜಾರರಾಮನ ಗೋಡೆಯ ಬಳಿ ಅರೆಗಳಿಗೆ ನಿಂತು, ಯಾರ ಕೈಯಲ್ಲಿ ಯಾವ ವಾದ್ಯವಿದೆಯೆಂದು ಅವರಿಂದಲೇ ಎಣಿಸಿ ಹೇಳಿಸಬೇಕೆಂದು ಗೃಹಸ್ಥರಲ್ಲಿ ನಮ್ಮ ವಿನಂತಿ. ಹಾಗೆ ಎಣಿಸಿ ಬಂದ ಮಗುವು ಮುಂದಿನ ನಾಟಕದಲ್ಲಿ ತಾನಾಗಿಯೇ ಪ್ರಶ್ನೆ ಕೇಳುವುದು.