ದತ್ತಕ: ಕೊಡುವುದು ಮಗುವನ್ನೋ, ಹೊಣೆಯನ್ನೋ?

‘ದತ್ತ’ವೆಂದರೆ ಕೊಡಲ್ಪಟ್ಟದ್ದು. ಆದರೆ ಯಾವುದನ್ನೇ ಆಗಲಿ ದಾನವಾಗಿ ಕೊಡಬೇಕಾದರೆ ಕೊಡುವವನಿಗೆ ಅದರ ಮೇಲೆ ಒಡೆತನವಿರಬೇಕು. ಹಾಗಾದರೆ ತಂದೆತಾಯಿಗಳು ಮಗುವಿನ ಒಡೆಯರೇ? ಒಡೆಯರಲ್ಲವೆಂದಾದರೆ ದತ್ತಕದಲ್ಲಿ ಅವರು ಕೊಡುವುದಾದರೂ ಏನನ್ನು? ದತ್ತಕದ ನೀತಿಯನ್ನೂ ನ್ಯಾಯವನ್ನೂ ಅರಿಯಬಯಸುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಇದು.

ಪ್ರಾಚೀನರಿಗೂ ಈ ತೊಡಕು ತಿಳಿದಿತ್ತು. ಯಾಜ್ಞವಲ್ಕ್ಯ ಸ್ಮೃತಿಯು ಒಂದೆಡೆ ತಾಯಿಯಾಗಲಿ ತಂದೆಯಾಗಲಿ ಕೊಟ್ಟ ಮಗನನ್ನು ದತ್ತಕನೆಂದು ಕರೆಯುತ್ತದೆ. ಇನ್ನೊಂದೆಡೆ ದಾನಕ್ಕೆ ಯೋಗ್ಯವಾದುವನ್ನು ವಿವರಿಸುವಾಗ ಹೆಂಡತಿ ಮಕ್ಕಳನ್ನು ಕೊಡಕೂಡದೆಂದು ವಿಧಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ್ದು ಇದೇ ಸ್ಮೃತಿಗೆ. ಈ ಎರಡು ಮಾತುಗಳನ್ನು ಕೂಡಿಸಿ ಓದಿದಾಗ ಹೊಳೆಯುವ ಅರ್ಥವೊಂದೇ: ಮಗು ವಸ್ತುವಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುವುದು ಸ್ವತ್ತಲ್ಲ, ಪಾಲನೆಯ ಹೊಣೆ.

ಹೊಣೆಯನ್ನು ಮರೆತು ಮಗುವನ್ನು ಸ್ವತ್ತೆಂದು ಬಗೆದರೆ ಆಗುವ ಅನರ್ಥಕ್ಕೆ ಐತರೇಯ ಬ್ರಾಹ್ಮಣದ ಶುನಃಶೇಪನ ಆಖ್ಯಾನವೇ ನಿದರ್ಶನ. ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನು ನೂರು ಹಸುಗಳಿಗೆ ತನ್ನ ನಡುವಣ ಮಗನನ್ನು ಯಜ್ಞಪಶುವಾಗಿ ಮಾರಿದನು. ಮತ್ತೆ ನೂರು ಹಸುಗಳಿಗೆ ಅವನನ್ನು ಯೂಪಕ್ಕೆ ಕಟ್ಟಿದನು. ಇನ್ನೂ ನೂರು ಹಸುಗಳಿಗೆ ಕತ್ತಿಯನ್ನೇ ಹಿಡಿದನು. ದೇವತೆಗಳ ಕೃಪೆಯಿಂದ ಬಿಡುಗಡೆ ಹೊಂದಿದ ಬಾಲಕನನ್ನು ಆ ತಂದೆಯೇ ಮರಳಿ ಕರೆದಾಗ ಅವನು ಹೋಗಲಿಲ್ಲ. ವಿಶ್ವಾಮಿತ್ರನ ಮಗನಾಗಿ, ದೇವರಾತನೆಂಬ ಹೆಸರನ್ನು ಪಡೆದನು. ಹೆತ್ತವನು ಮಾರಿದ ಮಗುವನ್ನು ಹೆರದವನು ಕಾಪಾಡಿದನೆಂಬುದು ಇಲ್ಲಿ ಗಮನಾರ್ಹ. ಯಾರ ಮಗನಾಗಿ ಬಾಳಬೇಕೆಂಬ ಮಾತನ್ನು ಆ ಬಾಲಕನೇ ಆಡಿದನೆಂಬುದು ಅದಕ್ಕಿಂತಲೂ ಗಮನಾರ್ಹ.

ಆದರೆ ಮುಂದಿನ ಕಾಲದಲ್ಲಿ ದತ್ತಕದ ಚರ್ಚೆ ಬಹುಮಟ್ಟಿಗೆ ಮಗುವನ್ನು ಬಿಟ್ಟು ವಂಶದತ್ತ ಸರಿಯಿತು. ಪಿತೃಗಳಿಗೆ ಪಿಂಡ, ಕುಲಕ್ಕೆ ಹೆಸರು, ಆಸ್ತಿಗೆ ವಾರಸುದಾರ—ಇವೇ ಮುಖ್ಯ ಪ್ರಯೋಜನಗಳಾದವು. ಆದ್ದರಿಂದ ಸಾಮಾನ್ಯವಾಗಿ ಗಂಡುಮಗುವಿಗೆ ಮಾತ್ರ ಆ ಸ್ಥಾನ ದೊರೆಯಿತು. ಅರಸುಮನೆತನಗಳಲ್ಲಂತೂ ದತ್ತಕವೆಂದರೆ ರಾಜ್ಯದ ಅಳಿವು ಉಳಿವು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡು ಕಾಲವಾದಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ; ರಾಣಿ ಚೆನ್ನಮ್ಮನ ಹೋರಾಟಕ್ಕೆ ಅದು ಕಾರಣವಾಯಿತು. ಪರರ ಆಳ್ವಿಕೆಯು ನಮ್ಮ ದತ್ತಕದ ಹಕ್ಕನ್ನು ಅಲ್ಲಗಳೆದುದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ವಿವಾದದಲ್ಲಿ ಇಬ್ಬದಿಯವರಿಗೂ ಮುಖ್ಯವಾಗಿದ್ದುದು ಸಂಸ್ಥಾನದ ಉತ್ತರಾಧಿಕಾರವೇ ಹೊರತು ದತ್ತುಮಗನ ಬಾಳಲ್ಲ.

ಸ್ವತಂತ್ರ ಭಾರತದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಈ ದೃಷ್ಟಿಯನ್ನು ಬದಲಿಸಲಾರಂಭಿಸಿತು. ತನ್ನ ವ್ಯಾಪ್ತಿಯನ್ನು ಹೇಳುವಲ್ಲಿ ಅದು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿಯೇ ಎತ್ತುತ್ತದೆ. ಆದುದರಿಂದ ನಮ್ಮ ಓದುಗರು ಇದನ್ನು ತಿಳಿದಿರುವುದು ಅವಶ್ಯ. ಈ ಅಧಿನಿಯಮವು ಹೆಣ್ಣುಮಗುವಿನ ದತ್ತಕಕ್ಕೂ ಸಮಾನ ಸ್ಥಾನವಿತ್ತಿತು. ದತ್ತಹೋಮ ಕಡ್ಡಾಯವಲ್ಲ, ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ಮಾತ್ರ ನಡೆದಿರಲೇಬೇಕು. ವಿಶೇಷ ರೂಢಿಯಿಲ್ಲದಿದ್ದರೆ ಮಗುವಿಗೆ 15 ವರ್ಷ ತುಂಬಿರಬಾರದು. ಪುರುಷನು ಹೆಣ್ಣುಮಗುವನ್ನಾಗಲಿ, ಸ್ತ್ರೀಯು ಗಂಡುಮಗುವನ್ನಾಗಲಿ ಸ್ವೀಕರಿಸುವಾಗ ಇಬ್ಬರ ನಡುವೆ 21 ವರ್ಷಗಳ ಅಂತರವಾದರೂ ಇರಬೇಕು. ಕೊಡುವವರಾಗಲಿ ಕೊಳ್ಳುವವರಾಗಲಿ ಹಣ ಪಡೆದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೆ ಎರಡೂ ಉಂಟು. ಒಮ್ಮೆ ನ್ಯಾಯಬದ್ಧವಾಗಿ ನಡೆದ ದತ್ತಕವನ್ನು ತಂದೆತಾಯಿಗಳು ರದ್ದುಪಡಿಸಲಾರರು. ಮಗು ಮನಸ್ಸಿಗೆ ಬಾರದಿದ್ದರೆ ಹಿಂದಿರುಗಿಸುವ ಮಾತು ಹಡೆದವರಿಗೆ ಹೇಗಿಲ್ಲವೋ ಪಡೆದವರಿಗೂ ಹಾಗೆಯೇ ಇಲ್ಲ. ವಿವಾಹಿತ ಸ್ತ್ರೀಗೆ ಪತಿಯ ಸಮ್ಮತಿಯೊಡನೆ ತಾನೇ ದತ್ತು ಸ್ವೀಕರಿಸುವ ಅಧಿಕಾರ 2010ರ ತಿದ್ದುಪಡಿಯಿಂದ ಬಂದಿತು. ಮಗುವನ್ನು ಕೊಡುವುದರಲ್ಲಿ ತಾಯಿಗೆ ತಂದೆಯ ಸಮಾನ ಹಕ್ಕು ದೊರೆತುದೂ ಆಗಲೇ.

ಹೆತ್ತವರೇ ಕೊಡುವ ಮಗುವಿಗೆ ಈ ಮಾರ್ಗ. ಆದರೆ ಬೀದಿಯಲ್ಲಿ, ಗುಡಿಯ ಮೆಟ್ಟಿಲಲ್ಲಿ ಬಿಟ್ಟುಹೋದ ಮಗುವನ್ನು ಕೊಡುವವರಾರು? ಅಂಥ ಮಕ್ಕಳಿಗಾಗಿ ಇರುವುದು 2015ರ ಬಾಲನ್ಯಾಯ ಅಧಿನಿಯಮ. ಯಾವ ಮತಸ್ಥರೇ ಆಗಲಿ ಇದರಂತೆ ಮಕ್ಕಳನ್ನು ಪಡೆಯಬಹುದು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಧಿಯಿದೆ. ಬಡತನದ ಇಲ್ಲವೆ ಅವಮಾನದ ಒಂದು ಗಳಿಗೆಯ ನಿರ್ಧಾರ ಅವಳ ಬಾಳಿನ ಶಾಶ್ವತ ತೀರ್ಪಾಗಬಾರದೆಂಬುದೇ ಇದರ ಆಶಯ. 2021ರ ತಿದ್ದುಪಡಿಯ ಮೇಲೆ ದತ್ತಕದ ಆದೇಶವನ್ನು ನೀಡುವವರು ಜಿಲ್ಲಾ ದಂಡಾಧಿಕಾರಿಗಳು. ಆದೇಶಕ್ಕೆ ಮೊದಲು ಮಗುವಿನ ಹಿತವನ್ನು ನೋಡಬೇಕು. ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದರ ಇಚ್ಛೆಯನ್ನೂ ಪರಿಗಣಿಸಬೇಕು. ಶುನಃಶೇಪನ ದನಿ ಹೀಗೆ ಶಾಸನವನ್ನು ಪ್ರವೇಶಿಸಿದೆ.

ಇಷ್ಟಾದರೂ ಲೋಕರೂಢಿಯಲ್ಲಿ ತಪ್ಪು ತಿಳಿವಳಿಕೆಗಳಿವೆ. ಹೆರಿಗೆಮನೆಯ ದಾದಿಯ ಕೈಯಿಂದ ಕೂಸನ್ನು ಪಡೆದು, ಛಾಪಾಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಂಡರೆ ಸಾಕೆಂದು ಬಗೆಯುವವರುಂಟು. ಕೊಡುವ ಅಧಿಕಾರವೇ ಇಲ್ಲದವರು ಕೊಟ್ಟುದು ದತ್ತಕವಾಗದು. ಅಂಥ ಮಗು ಎಷ್ಟು ಅಕ್ಕರೆಯಿಂದ ಬೆಳೆದರೂ ನ್ಯಾಯದ ಕಣ್ಣಿಗೆ ಸಾಕುಮಗುವೇ. ಸಾಕಿದವರು ಕಣ್ಮುಚ್ಚಿದ ಮರುದಿನವೇ ದಾಯಾದಿಗಳು ಅದನ್ನು ಹೊರಗೆ ಹಾಕಬಲ್ಲರು. ಹಣದ ಕೈಬದಲಾವಣೆ ನಡೆದಿದ್ದರೆ ಅದು ಮಗುವಿನ ಮಾರಾಟ. 2015ರ ಅಧಿನಿಯಮದಂತೆ ಐದು ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿ ದಂಡ. ಮಗುವನ್ನು ತಮ್ಮ ವಶದಲ್ಲಿರಿಸಿಕೊಂಡ ಆಸ್ಪತ್ರೆಯ ನೌಕರರೇ ಮಾರಿದರೆ ಶಿಕ್ಷೆ ಮೂರರಿಂದ ಏಳು ವರ್ಷ. ಪ್ರೀತಿಯಿದ್ದರೆ ಕಾನೂನೇಕೆ ಎನ್ನುವವರು, ತಮ್ಮ ಅವಸರದ ಫಲವನ್ನು ಮುಂದೆ ಉಣ್ಣುವುದು ಮಗುವೆಂಬುದನ್ನು ನೆನೆಯಬೇಕು.

ಶಾಸನವು ವಿಧಿಸಲಾರದ ಇನ್ನೊಂದು ಕರ್ತವ್ಯವಿದೆ. ಅದು ಸತ್ಯ ನುಡಿಯುವುದು. ಮಗುವಿನ ಮನಸ್ಸು ನೋಯುವುದೆಂದು ಅದರ ಜನ್ಮವೃತ್ತಾಂತವನ್ನು ಬಚ್ಚಿಡುವವರು ಅನೇಕರು. ಆದರೆ ಮದುವೆಯ ಮಾತುಕತೆಯಲ್ಲೋ ಆಸ್ತಿಯ ಜಗಳದಲ್ಲೋ ನೆರೆಯವರ ಬಾಯಿಂದ ತಿಳಿದ ಸತ್ಯ ಮೂದಲಿಕೆಯಾಗಿ ಇರಿಯುತ್ತದೆ. ತಾಯಿಯ ಮಡಿಲಲ್ಲಿ ಕುಳಿತು ಎಳವೆಯಲ್ಲಿಯೇ ಕೇಳಿದ ಸತ್ಯ ಕಥೆಯಾಗಿ ಒಡಲಿಗಿಳಿಯುತ್ತದೆ. ಇಂದಿನ ನಿಯಮಗಳಲ್ಲಿ 18 ವರ್ಷ ತುಂಬಿದವರು ತಮ್ಮ ಮೂಲವನ್ನು ಅರಸಲು ಅವಕಾಶವಿದೆ. ಹೆತ್ತವಳು ಗೋಪ್ಯತೆಯನ್ನು ಬೇಡಿದ್ದರೆ ಆಕೆಯ ಸಮ್ಮತಿಯೂ ಬೇಕು. ಮಗುವಿಗೆ ತಿಳಿಯುವ ಹಕ್ಕು, ತಾಯಿಗೆ ಮಾನದ ರಕ್ಷಣೆ—ಎರಡನ್ನೂ ತೂಗಿದ ವ್ಯವಸ್ಥೆಯಿದು.

ಆರಂಭದ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟ. ದತ್ತಕದಲ್ಲಿ ಹೆತ್ತವರು ಕೊಡುವುದು ಹೊಣೆಯನ್ನು. ಪಡೆದವರು ಹೊರುವುದೂ ಅದನ್ನೇ. ಮಕ್ಕಳಿಲ್ಲದ ಮನೆಗೆ ಮಗುವೊಂದು ದೊರೆಯಿತೆಂದು ಸಂತೋಷಪಡುವುದು ಸಹಜವೇ ಸರಿ. ಮನೆಯಿಲ್ಲದ ಮಗುವಿಗೆ ಮನೆಯೊಂದು ದೊರೆಯಿತೆಂಬ ಸಂತೋಷವು ಅದಕ್ಕಿಂತ ಮುಂದಿರಬೇಕು.