ಉಣ್ಣೆ, ಆತಿಥ್ಯ ಮತ್ತು ಆದಾಯ: ಕಿರ್ಗಿಜ್ ಗ್ರಾಮೀಣ ಮಹಿಳೆಯರ ಉದ್ಯಮ

ಮಧ್ಯ ಏಷ್ಯಾದ ಕಿರ್ಗಿಸ್ತಾನವು ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದಾದ, ಸುಮಾರು 70 ಲಕ್ಷ ಜನಸಂಖ್ಯೆಯ, ಸಮುದ್ರತೀರವಿಲ್ಲದ ಪರ್ವತ ರಾಷ್ಟ್ರವಾಗಿದೆ. ವೈದ್ಯಕೀಯ ಶಿಕ್ಷಣಕ್ಕಾಗಿ ರಾಜಧಾನಿ ಬಿಷ್ಕೆಕ್‌ಗೆ ತೆರಳುವ ವಿದ್ಯಾರ್ಥಿಗಳಿಂದಾಗಿ ಇದರ ಹೆಸರು ನಮ್ಮ ರಾಜ್ಯದ ಅನೇಕ ಕುಟುಂಬಗಳಿಗೆ ಪರಿಚಿತವಾಗಿದೆ. ಆದರೆ ಆ ದೇಶದ ಹಳ್ಳಿಗಳಲ್ಲಿ ಮಹಿಳೆಯರು ತಮ್ಮ ಅಲೆಮಾರಿ ಪೂರ್ವಜರ ಕಸುಬನ್ನೂ ಆಚಾರಗಳನ್ನೂ ಪ್ರವಾಸಿಗರೊಡನೆ ಹಂಚಿಕೊಂಡು ಕಟ್ಟಿಕೊಂಡಿರುವ ಕಿರು ಉದ್ಯಮದ ಬಗ್ಗೆ ವಾಣಿಜ್ಯ ವಲಯದಲ್ಲಿ ಹೆಚ್ಚಿನ ಮಾಹಿತಿ ಇಲ್ಲ. ಅದರ ಸ್ವರೂಪವನ್ನೂ ಲೆಕ್ಕಾಚಾರವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

1991ರಲ್ಲಿ ಕಿರ್ಗಿಸ್ತಾನವು ಸೋವಿಯತ್ ಒಕ್ಕೂಟದಿಂದ ಸ್ವತಂತ್ರವಾಯಿತು. ಸಾಮೂಹಿಕ ಕೃಷಿ ಕ್ಷೇತ್ರಗಳು ವಿಸರ್ಜನೆಗೊಂಡವು; ಅವುಗಳೊಂದಿಗೆ ನಿಯತ ಸಂಬಳವೂ ನಿಂತಿತು. ಕುರಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಗಂಡಸರು ಕೆಲಸ ಅರಸಿ ನಗರಗಳಿಗೂ ರಷ್ಯಾಕ್ಕೂ ವಲಸೆ ಹೋದರು. ಊರಿನಲ್ಲಿ ಉಳಿದ ಮಹಿಳೆಯರ ಕೈಯಲ್ಲಿದ್ದ ಬಂಡವಾಳವೆಂದರೆ ಅಲ್ಪಸ್ವಲ್ಪ ಉಣ್ಣೆ ಮತ್ತು ತಾಯಿ-ಅಜ್ಜಿಯರಿಂದ ಕಲಿತ ವಿದ್ಯೆ ಮಾತ್ರ.

ಈ ಸನ್ನಿವೇಶದಲ್ಲಿ ಸ್ವಿಟ್ಜರ್ಲೆಂಡಿನ ಹೆಲ್ವೆಟಾಸ್ ಸಂಸ್ಥೆಯ ನೆರವಿನಿಂದ 2000ದಲ್ಲಿ ನಾರಿನ್ ಪ್ರಾಂತದ ಕೊಚ್ಕೊರ್ ಗ್ರಾಮದಲ್ಲಿ ಸಮುದಾಯ ಆಧಾರಿತ ಪ್ರವಾಸೋದ್ಯಮದ ಮೊದಲ ಗುಂಪು ಆರಂಭವಾಯಿತು. ಇಂತಹ ಸ್ಥಳೀಯ ಗುಂಪುಗಳೆಲ್ಲ ಸೇರಿ 2003ರಲ್ಲಿ ರಾಷ್ಟ್ರಮಟ್ಟದ ಸಂಘವೊಂದನ್ನು ರಚಿಸಿಕೊಂಡವು. ಕುಟುಂಬವು ಅತಿಥಿಗೆ ವಸತಿ, ಊಟ ಮತ್ತು ಕಸುಬಿನ ಪ್ರಾತ್ಯಕ್ಷಿಕೆ ನೀಡುತ್ತದೆ. ಗುಂಪಿನ ಕಚೇರಿಯು ಅತಿಥಿಗಳನ್ನು ಮನೆಗಳಿಗೆ ಹಂಚಿ, ದರ ನಿಗದಿಪಡಿಸಿ, ತನ್ನ ಖರ್ಚಿಗೆ ಒಂದು ಪಾಲನ್ನು ಇರಿಸಿಕೊಳ್ಳುತ್ತದೆ. ವಸತಿಯ ಗುಣಮಟ್ಟಕ್ಕನುಗುಣವಾಗಿ ಎಡಲ್‌ವೈಸ್ ಹೂವಿನ ಚಿಹ್ನೆಯ ಮೂಲಕ ದರ್ಜೆಯನ್ನೂ ನೀಡಲಾಗುತ್ತದೆ.

ಪ್ರವಾಸಿಗರು ಕಾಣುವುದೇನು?

ಮುಖ್ಯ ಆಕರ್ಷಣೆ ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಯ ಹಾಸು. ನಮ್ಮ ಕಂಬಳಿಯಂತೆ ಇದಕ್ಕೆ ನೂಲುವುದಾಗಲೀ ಮಗ್ಗವಾಗಲೀ ಬೇಕಿಲ್ಲ. ಉಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸಿ, ‘ಚಿಯ್’ ಎಂಬ ಹುಲ್ಲಿನ ಕಡ್ಡಿಗಳ ಚಾಪೆಯ ಮೇಲೆ ಹರಡಿ, ಬಿಸಿನೀರು ಚಿಮುಕಿಸಿ, ಚಾಪೆಸಮೇತ ಬಿಗಿಯಾಗಿ ಸುತ್ತಿ ಕಾಲಿನಿಂದ ತುಳಿದು ಉರುಳಿಸಲಾಗುತ್ತದೆ. ಶಾಖ, ತೇವ ಮತ್ತು ಒತ್ತಡದಿಂದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹಾಸು ಗಟ್ಟಿಯಾಗುತ್ತದೆ. ಬಡಿಯುವ ಮತ್ತು ತುಳಿಯುವ ಕೆಲಸದಲ್ಲಿ ಅತಿಥಿಗಳೂ ಕೈಜೋಡಿಸುತ್ತಾರೆ.

ಈ ಹಾಸುಗಳಲ್ಲಿ ಎರಡು ಬಗೆ. ‘ಆಲಾ ಕಿಯಿಜ್’ನಲ್ಲಿ ಬಣ್ಣದ ಉಣ್ಣೆಯ ಚಿತ್ತಾರವನ್ನು ತಳದ ಉಣ್ಣೆಯ ಮೇಲೆ ಹರಡಿ ಒಟ್ಟಿಗೆ ಒತ್ತಲಾಗುತ್ತದೆ. ‘ಶಿರ್ದಕ್’ನಲ್ಲಾದರೋ ಎರಡು ಬಣ್ಣದ ಹಾಸುಗಳನ್ನು ಒಂದರ ಮೇಲೊಂದಿಟ್ಟು, ಟಗರಿನ ಕೊಂಬಿನಂತಹ ವಿನ್ಯಾಸಗಳನ್ನು ಕತ್ತರಿಸಿ, ಒಂದರ ತುಂಡನ್ನು ಇನ್ನೊಂದರ ಜಾಗದಲ್ಲಿ ಕೂಡಿಸಿ ಹೊಲಿಯಲಾಗುತ್ತದೆ. ಹೀಗಾಗಿ ಒಂದೇ ಕತ್ತರಿಕೆಯಿಂದ ಬಣ್ಣ ಅದಲುಬದಲಾದ ಎರಡು ಚಿತ್ತಾರಗಳು ದೊರೆಯುತ್ತವೆ, ಉಣ್ಣೆ ವ್ಯರ್ಥವಾಗುವುದಿಲ್ಲ. ದೊಡ್ಡ ಶಿರ್ದಕ್ ಒಂದು ಪೂರ್ಣಗೊಳ್ಳಲು ತಿಂಗಳುಗಳೇ ಬೇಕು.

ಕಸುಬಿನೊಂದಿಗೆ ಆಚಾರಗಳ ಪರಿಚಯವೂ ಆಗುತ್ತದೆ. ‘ಬೋಜ್ ಉಯ್’ ಎಂಬ ದುಂಡನೆಯ ಡೇರೆಯನ್ನು ಒಳಹೊಕ್ಕಾಗ ಬಲಭಾಗ ಹೆಂಗಸರದು, ಎಡಭಾಗ ಗಂಡಸರದು. ಬಾಗಿಲಿಗೆ ಎದುರಾದ ಸ್ಥಾನ ಹಿರಿಯರಿಗೂ ಅತಿಥಿಗಳಿಗೂ ಮೀಸಲು. ಚಹಾದ ಬಟ್ಟಲನ್ನು ಪೂರ್ತಿ ತುಂಬಿಸುವುದಿಲ್ಲ. ಮತ್ತೆ ಮತ್ತೆ ಬಡಿಸುವುದೇ ಮರ್ಯಾದೆ. ರೊಟ್ಟಿಯನ್ನು ಮಗುಚಿ ಇಡಬಾರದು. ಬೇಸಿಗೆಯ ಹುಲ್ಲುಗಾವಲುಗಳಲ್ಲಿ ಹುಳಿ ಬರಿಸಿದ ಕುದುರೆ ಹಾಲಾದ ‘ಕುಮಿಸ್’ ನೀಡುವುದು ವಾಡಿಕೆ.

ಲೆಕ್ಕಾಚಾರದ ತಿರುಳು

ಕುಶಲ ಕಸುಬಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಮನೆಯ ಉಣ್ಣೆಗೂ ಮನೆಯವರ ಶ್ರಮಕ್ಕೂ ಬೆಲೆ ಕಟ್ಟದಿರುವುದು. ಆಗ ಬಂದ ಹಣವೆಲ್ಲ ಲಾಭದಂತೆ ತೋರುತ್ತದೆ. ಕೇವಲ ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಶಿರ್ದಕ್ ಒಂದರ ಮಾರಾಟ ಬೆಲೆ ರೂ. 20,000 ಎಂದಿರಲಿ. ಉಣ್ಣೆ, ಬಣ್ಣ ಮತ್ತು ದಾರಕ್ಕೆ ರೂ. 6,000, ಸಂಘದ ಪಾಲು ರೂ. 3,000 ಕಳೆದರೆ ಉಳಿಯುವುದು ರೂ. 11,000. ಇಬ್ಬರು ಮಹಿಳೆಯರು ತಲಾ 50 ದಿನ ದುಡಿದಿದ್ದರೆ ಒಂದು ದಿನದ ದುಡಿಮೆಗೆ ದೊರೆತದ್ದು ರೂ. 110 ಮಾತ್ರ.

ಇದಕ್ಕೆ ಪ್ರತಿಯಾಗಿ ಅರ್ಧ ದಿನದ ಪ್ರಾತ್ಯಕ್ಷಿಕೆಗೆ ಆರು ಅತಿಥಿಗಳು ತಲಾ ರೂ. 500 ನೀಡಿದರೆ ಒಟ್ಟು ರೂ. 3,000. ಸಾಮಗ್ರಿ, ಉಪಾಹಾರ ಮತ್ತು ಸಂಘದ ಪಾಲಿಗೆ ರೂ. 1,200 ಕಳೆದರೆ ಮೂವರು ಮಹಿಳೆಯರಿಗೆ ತಲಾ ರೂ. 600 ಉಳಿಯುತ್ತದೆ. ಅಂದರೆ ವಸ್ತುವಿಗಿಂತ ವಿದ್ಯೆಯನ್ನು ತೋರಿಸುವುದಕ್ಕೇ ಹೆಚ್ಚಿನ ಪ್ರತಿಫಲ. ಆದರೆ ಪ್ರವಾಸದ ಋತು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಹಾಸಿನ ಹೊಲಿಗೆಯೇ ಕೆಲಸ; ಚಳಿಗಾಲದಲ್ಲಿ ತಯಾರಾದ ಸರಕು ಬೇಸಿಗೆಯವರೆಗೆ ದಾಸ್ತಾನಿನಲ್ಲಿ ಉಳಿಯುವುದರಿಂದ ದುಡಿಯುವ ಬಂಡವಾಳ ಸಿಲುಕಿಕೊಳ್ಳುತ್ತದೆ. ದೊಡ್ಡ ಹಾಸು ಭಾರವಾದ್ದರಿಂದ ವಿಮಾನ ಪ್ರಯಾಣಿಕರು ಅದನ್ನು ಕೊಳ್ಳಲು ಹಿಂಜರಿಯುವುದು ಸಹಜ. ಆದಕಾರಣ ಮನೆಯೊಳಗೆ ಧರಿಸುವ ಫೆಲ್ಟ್ ಪಾದರಕ್ಷೆ, ಚೀಲ, ಆಟಿಕೆ, ರೇಷ್ಮೆ ಬೆರೆತ ಶಾಲು ಮುಂತಾದ ಸಣ್ಣ ವಸ್ತುಗಳ ತಯಾರಿಕೆಯೂ ಬೆಳೆದಿದೆ.

ಅಪಾಯ ಮತ್ತು ರಕ್ಷಣೆ

ಯುನೆಸ್ಕೊ 2012ರಲ್ಲಿ ಆಲಾ ಕಿಯಿಜ್ ಮತ್ತು ಶಿರ್ದಕ್ ಕಲೆಯನ್ನು ತುರ್ತು ರಕ್ಷಣೆ ಅಗತ್ಯವಿರುವ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಸುಬುದಾರರಲ್ಲಿ ಹೆಚ್ಚಿನವರು ವಯಸ್ಸಾದವರು, ಯುವಜನರಿಗೆ ಆಸಕ್ತಿ ಕಡಿಮೆ, ಅಗ್ಗದ ಕೃತಕ ನೂಲಿನ ಜಮಖಾನೆಗಳು ಮಾರುಕಟ್ಟೆಯನ್ನು ಆವರಿಸಿವೆ ಎಂಬುದು ಇದಕ್ಕೆ ಕಾರಣ. ಡೇರೆ ನಿರ್ಮಾಣದ ವಿದ್ಯೆಯು 2014ರಲ್ಲಿ ಯುನೆಸ್ಕೊದ ಪ್ರಾತಿನಿಧಿಕ ಪಟ್ಟಿಗೆ ಸೇರಿತು. ಇಸಿಕ್-ಕುಲ್ ಸರೋವರದ ತೀರದಲ್ಲಿ 2014, 2016 ಮತ್ತು 2018ರಲ್ಲಿ ನಡೆದ ವಿಶ್ವ ಅಲೆಮಾರಿ ಕ್ರೀಡಾಕೂಟಗಳು ದೇಶಕ್ಕೆ ಪ್ರಚಾರ ತಂದುಕೊಟ್ಟವು. ಆದರೆ 2020ರಲ್ಲಿ ಕೋವಿಡ್ ಕಾರಣ ಗಡಿಗಳು ಮುಚ್ಚಿದಾಗ, ಅತಿಥಿಗಳನ್ನೇ ನೆಚ್ಚಿದ ಆದಾಯ ಎಷ್ಟು ದುರ್ಬಲವೆಂಬುದೂ ಸ್ಪಷ್ಟವಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಾತ್ಯಕ್ಷಿಕೆಯೇ ಲಾಭದಾಯಕವೆಂದು ಎಲ್ಲರೂ ಅದಕ್ಕೇ ಹೊರಳಿದರೆ, ತಿಂಗಳುಗಟ್ಟಲೆ ಕುಳಿತು ನಿಜವಾದ ಶಿರ್ದಕ್ ಹೊಲಿಯುವವರು ಉಳಿಯುವುದಿಲ್ಲ. ಹೊಲಿಯುವವರೇ ಇಲ್ಲವಾದ ಮೇಲೆ ಪ್ರವಾಸಿಗರಿಗೆ ತೋರಿಸಲು ಉಳಿಯುವುದು ಬರಿಯ ನಟನೆ. ಆದ್ದರಿಂದ ಪ್ರಾತ್ಯಕ್ಷಿಕೆಯ ಆದಾಯದ ಒಂದಂಶವನ್ನು ಚಳಿಗಾಲದ ಕೂಲಿ ಮುಂಗಡಕ್ಕೂ ಕಿರಿಯರ ತರಬೇತಿಗೂ ಮೀಸಲಿಡುವುದು ದಾನವಲ್ಲ. ಅದು ಉದ್ಯಮದ ಮೂಲ ಆಸ್ತಿಗೆ ಮಾಡುವ ಸವಕಳಿ ನಿಧಿಯೆಂದೇ ಪರಿಗಣಿಸಬೇಕು. ಯಂತ್ರದ ಸವಕಳಿಯನ್ನು ತಪ್ಪದೆ ಲೆಕ್ಕಕ್ಕೆ ತರುವ ವ್ಯವಹಾರಸ್ಥರು ಕೈಕಸುಬಿನ ಸವಕಳಿಯನ್ನೂ ಅಷ್ಟೇ ಶಿಸ್ತಿನಿಂದ ಗಣಿಸಬೇಕಾಗಿದೆ.