ಮರದ ಹಡಗಿನ ಮೇಲಣ ಒರಸುಗೆರೆಗಳು

ಬಹರೈನಿನ ಹಮದ್ ಟೌನಿನಲ್ಲಿ ನೆಲೆಸಿರುವ ಕರಾವಳಿಯ ಕನ್ನಡ ಕುಟುಂಬಗಳ ನಡುಮನೆಗಳಲ್ಲಿ, ಚನ್ನಪಟ್ಟಣದ ಅರಗಿನ ಬೊಂಬೆಗಳ ಮಗ್ಗುಲಲ್ಲಿಯೇ, ಬಣ್ಣ ಬಳಿದ ಮರದ ಹಡಗಿನ ಪ್ರತಿಕೃತಿಯೊಂದು ಕಾಣಸಿಗುವುದುಂಟು. ಬೂಮ್, ಸಂಬೂಕ್, ಜಾಲ್‌ಬೂತ್ ಎಂದು ಕೊಲ್ಲಿಯ ಜನ ಆಕಾರಭೇದದಿಂದ ಹೆಸರಿಸುವ ಆ ನೌಕೆಗಳು ನಮಗೆ ಪರಕೀಯವಾದುವಲ್ಲ. ಅವುಗಳ ಹಲಗೆಗೆ ಬೇಕಾದ ತೇಗವು ಮಲಬಾರಿನಿಂದ ಹೋಗುತ್ತಿತ್ತು, ಮಂಗಳೂರಿನ ಅಕ್ಕಿಯು ಅಂಥ ಹಡಗುಗಳಲ್ಲಿಯೇ ಮಸ್ಕತ್ತನ್ನು ಮುಟ್ಟುತ್ತಿತ್ತು, ಟಿಪ್ಪುಸುಲ್ತಾನನಂತೂ ಆ ಬಂದರಿನಲ್ಲಿ ತನ್ನದೇ ಆದ ವ್ಯಾಪಾರದ ಕೋಠಿಯೊಂದನ್ನು ಇರಿಸಿದ್ದನು. ಆದುದರಿಂದ ಮೇಜಿನ ಮೇಲಣ ಈ ಕಿರುಹಡಗನ್ನು ಕೇವಲ ಅಲಂಕಾರವಸ್ತುವೆಂದು ಬಗೆಯಲು ನನಗೆ ಮನಸ್ಸಾಗದು; ಶುಚಿಗೊಳಿಸುವ ನೆಪದಲ್ಲಿ ಅದರ ಮೈಮೇಲೆ ಬಿಳಿಯ ಗೆರೆಗಳೆದ್ದುದನ್ನು ಕಂಡಾಗ ವ್ಯಥೆಯೇ ಆಗುತ್ತದೆ.

ಗೆರೆಗಳಿಗೆ ಕಾರಣ ಹಮದ್ ಟೌನಿನ ನೆಲದಲ್ಲಿಯೇ ಇದೆ. 1984ರಲ್ಲಿ, ಅಂದಿನ ಯುವರಾಜರೂ ಇಂದಿನ ದೊರೆಯೂ ಆದ ಹಮದ್ ಬಿನ್ ಈಸಾ ಅವರ ಹೆಸರನ್ನು ಹೊತ್ತು ತಲೆಯೆತ್ತಿದ ಈ ಊರು ಸುಣ್ಣಕಲ್ಲಿನ ಬಯಲಿನ ಮೇಲೆ ನಿಂತಿದೆ. ನಾಲ್ಕು ಸಹಸ್ರ ವರ್ಷಗಳಷ್ಟು ಹಳೆಯವಾದ ದಿಲ್ಮುನ್ ಕಾಲದ ಸಮಾಧಿದಿಬ್ಬಗಳು, 2019ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದಂಥವು, ಮನೆಗಳ ನಡುವೆಯೇ ಇಂದಿಗೂ ಉಳಿದಿವೆ. ಶಮಾಲ್ ಎಂಬ ವಾಯವ್ಯದ ಗಾಳಿ ಬೀಸಿದಾಗ ಹೊತ್ತುತರುವ ಧೂಳಿನಲ್ಲಿ ಸುಣ್ಣದ ಅಂಶವೂ ಬೆಣಚಿನ ಸೂಕ್ಷ್ಮಕಣಗಳೂ ಬೆರೆತಿರುತ್ತವೆ. ಬೇಸಗೆಯ ರಾತ್ರಿಗಳ ಸಮುದ್ರದ ತೇವವು ಅದನ್ನು ಬಣ್ಣಕ್ಕೆ ಅಂಟಿಸಿಬಿಡುತ್ತದೆ. ಅಂಥ ಮೈಯನ್ನು ಒದ್ದೆಬಟ್ಟೆಯಿಂದ ಎಳೆದು ಒರಸಿದರೆ, ಸುಣ್ಣದ ಧೂಳು ತಿಳಿಗೆಸರಾಗಿ ಹರಿದು, ನೆರೆಯಿಳಿದ ಹೊಳೆಯ ದಂಡೆಯಲ್ಲಿ ಕಸದ ಗೆರೆ ಉಳಿಯುವಂತೆ, ನೀರು ಆರಿದ ಅಂಚಿನುದ್ದಕ್ಕೂ ನಿಂತುಬಿಡುತ್ತದೆ. ಕೊಳಾಯಿಯ ನೀರಿನ ಲವಣಗಳೂ ಸಾಬೂನಿನ ಶೇಷವೂ ಅದರೊಡನೆ ಕೂಡಿಕೊಳ್ಳುತ್ತವೆ.

ಗೆರೆಯನ್ನು ಕಂಡೊಡನೆ ಮತ್ತಷ್ಟು ಬಲವಾಗಿ ತಿಕ್ಕುವ ಆತುರವೇ ಇಲ್ಲಿ ನಿಜವಾದ ಅನರ್ಥ. ಏಕೆಂದರೆ ಗೆರೆಗಳಲ್ಲಿ ಎರಡು ಜಾತಿಯುಂಟು: ಮೇಲೆ ಏನೋ ಉಳಿದುದರಿಂದ ಮೂಡಿದುದು ಒಂದು, ಬಣ್ಣವೇ ಸವೆದುಹೋದುದರಿಂದ ಮೂಡಿದುದು ಇನ್ನೊಂದು. ಮೊದಲನೆಯದನ್ನು ತೆಗೆಯಬಹುದು, ಎರಡನೆಯದನ್ನು ಎಷ್ಟು ತೊಳೆದರೂ ತೆಗೆಯಲಾಗದು, ತೊಳೆದಷ್ಟೂ ಅದು ಹಿಗ್ಗುತ್ತದೆ. ಕೋಣೆಯನ್ನು ಕತ್ತಲಾಗಿಸಿ, ಟಾರ್ಚಿನ ಬೆಳಕು ಹಡಗಿನ ಒಡಲಿನ ಮೇಲೆ ಓರೆಯಾಗಿ ಜಾರುವಂತೆ ಹಿಡಿದು ನೋಡಿದರೆ ಭೇದವು ಬಹುಮಟ್ಟಿಗೆ ತಿಳಿಯುತ್ತದೆ. ಉಳಿದುಕೊಂಡದ್ದು ತೆಳುಪೊರೆಯಾಗಿ ಬಣ್ಣದ ಮೇಲೆ ಕುಳಿತಿರುತ್ತದೆ. ಬೆಣಚಿನ ಕಣಗಳು ಉಜ್ಜಿದ ಕಡೆಯಾದರೋ, ಕೈಯಾಡಿದ ದಿಕ್ಕಿನಲ್ಲಿಯೇ ಮಾಸಲು ಬಣ್ಣಕ್ಕೆ ಅಸಹಜ ಹೊಳಪೋ, ಹೊಳಪಿನ ಬಣ್ಣಕ್ಕೆ ಮಂಕೋ ಬಂದಿರುತ್ತದೆ.

ಪರಿಹಾರವು ನಿಧಾನದ ಕೆಲಸ. ಮೃದುವಾದ ಕುಂಚದಿಂದ ಒಣಧೂಳನ್ನೆಲ್ಲ ಮೊದಲು ಜಾಡಿಸತಕ್ಕದ್ದು. ಅನಂತರ ಕಡ್ಡಿಗೆ ಸುತ್ತಿದ ಹತ್ತಿಯನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು; ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸುವುದು ವಿವೇಕ. ಹತ್ತದಿದ್ದರೆ ಉಜ್ಜದೆ, ಹತ್ತಿಯನ್ನು ಉರುಳಿಸುತ್ತ, ಕೊಳೆಯಾದೊಡನೆ ಬದಲಾಯಿಸುತ್ತ, ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಮೇಲಿನಿಂದ ತೊಡಗಿದರೆ ಜಾರಿದ ಹನಿಯು ಕೆಳಗಣ ಧೂಳಿನಲ್ಲಿ ಹೊಸ ಗೆರೆಯನ್ನೆಳೆಯುತ್ತದೆ ಎಂಬುದನ್ನು ಭಿತ್ತಿಚಿತ್ರಗಳ ಸಂರಕ್ಷಕರು ಚೆನ್ನಾಗಿ ಬಲ್ಲರು. ಹಲಗೆಯ ಸಂದಿನಲ್ಲಿಯೋ ಬಣ್ಣದ ಗಡಿಯಲ್ಲಿಯೋ ಕೈಯನ್ನು ನಿಲ್ಲಿಸಿದರೆ ಶುಚಿಯಾದ ಭಾಗದ ಅಂಚು ಎದ್ದುಕಾಣದು. ಜಿಡ್ಡಿನ ಗೆರೆಗೆ ಅನೇಕ ಸಂರಕ್ಷಕರು ತಮ್ಮ ಲಾಲಾರಸವನ್ನೇ ಬಳಸುವುದುಂಟು; ಅದರ ಶೋಧಕ ಗುಣವು ಅಮೈಲೇಸ್ ಎಂಬ ಕಿಣ್ವಕ್ಕೆ ಸಂಬಂಧಿಸಿದುದೆಂಬುದನ್ನು 1990ರಲ್ಲಿ ಪೋರ್ಚುಗಲ್ಲಿನ ವಿದ್ವಾಂಸರು ಪ್ರಯೋಗಪೂರ್ವಕವಾಗಿ ತೋರಿಸಿದರು. ಲಾಲಾರಸವನ್ನು ಬಳಸಿದ ಬಳಿಕ ಭಟ್ಟಿಯಿಳಿಸಿದ ನೀರಿನ ಹತ್ತಿಯನ್ನು ಮತ್ತೊಮ್ಮೆ ಆಡಿಸಲೇಬೇಕು.

ಹಡಗಿಗೆ ಹಿತವಾದುದು ಪಕ್ಕದ ಬೊಂಬೆಗೆ ಹಿತವಾಗಬೇಕೆಂದಿಲ್ಲ. ಚನ್ನಪಟ್ಟಣದ ಬೊಂಬೆಯು ಹಾಲೆಮರದ್ದು. ಚರಕಿಯ ಮೇಲೆ ತಿರುಗುವಾಗ ಒತ್ತಿಹಿಡಿದ ಅರಗು ಬಿಸಿಯಿಂದ ಕರಗಿ ಅದರ ಬಣ್ಣವಾಗುತ್ತದೆ. ಆ ಅರಗು ಮದ್ಯಸಾರದಲ್ಲಿ ಕರಗುತ್ತದೆ, ಕ್ಷಾರಕ್ಕೂ ಸೋಲುತ್ತದೆ, ನೀರು ಬಹುಕಾಲ ನಿಂತರೆ ಬಿಳುಪೇರುತ್ತದೆ; ಹೀಗಿರುವಲ್ಲಿ ಸ್ಯಾನಿಟೈಸರನ್ನಾಗಲಿ ಅಮೋನಿಯಾ ಬೆರೆತ ಗಾಜುಶೋಧಕವನ್ನಾಗಲಿ ಅದರ ಬಳಿಗೆ ತರಬಾರದು. ಹುಣಸೆಬೀಜದ ಸರಿಯ ಲೇಪದ ಮೇಲೆ ಬಣ್ಣ ತಳೆದ ಕಿನ್ನಾಳದ ಗೊಂಬೆಗಂತೂ ಒಣಕುಂಚವೊಂದೇ ಗತಿ.

ಸವೆದ ಗೆರೆಯ ಮಾತು ಉಳಿಯಿತು. ಇಡೀ ಹಡಗಿಗೆ ಎನಾಮಲ್ ಬಳಿಸಿ ಹೊಸತು ಮಾಡುವ ರೂಢಿಯನ್ನು ನಾನು ಒಪ್ಪಲಾರೆನು. ಒಡಲಿನ ಪಟ್ಟೆಗಳನ್ನು ಎಳೆದ ಕುಶಲಿಯ ಕೈ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಬಣ್ಣ ಹೋದಷ್ಟೇ ಸ್ಥಳದಲ್ಲಿ, ಸುತ್ತಣ ಹಳೆಯ ಬಣ್ಣವನ್ನು ಸೋಕದಂತೆ, ಬೇಡವೆನಿಸಿದಾಗ ಒದ್ದೆಹತ್ತಿಯಿಂದ ತೆಗೆದುಬಿಡಬಹುದಾದ ಜಲವರ್ಣವನ್ನು ಕಿರುಕುಂಚದ ಮೊನೆಯಿಂದ ಚುಕ್ಕೆಚುಕ್ಕೆಯಾಗಿ ಇಡುವುದು ಸಾಕು. ಆಮೇಲೆ ಹಡಗನ್ನು ಗಾಜಿನ ಪೆಟ್ಟಿಗೆಯೊಳಗೆ, ಹವಾನಿಯಂತ್ರಕದ ಗಾಳಿ ನೇರವಾಗಿ ಬಡಿಯದ ಕಡೆ ಇರಿಸಿದರೆ, ಮುಂದಿನ ಶಮಾಲ್ ಕಾಲದಲ್ಲಿ ಒರಸುವ ಪ್ರಸಂಗವೇ ಬಾರದು.